ಕತ್ತರಿಸಿದ ರೈಫಲ್ಲನ್ನು ಇನ್ನೊಂದು ಸಲ ಕತ್ತರಿಸಬೇಕಾ? ಜಗಳೂರು ಕಡೆಯ ಒಂದು ಪ್ರಕರಣ

ಒಂದು ಹಳೇ ಮಿಲಿಟರಿ ರೈಫಲ್. ಅದನ್ನು ಯಾರೋ ಬಹಳ ಹಿಂದೆಯೇ ಕತ್ತರಿಸಿ, ಉಜ್ಜಿ, ಶಿಕಾರಿ ರೈಫಲ್ ಮಾಡಿಬಿಟ್ಟಿದ್ದಾರೆ. ಈಗ ಅದು ಮೂರನೇ ತಲೆಮಾರಿನ ಕೈಗೆ ಬಂದಿದೆ. ಇದನ್ನು ಇನ್ನಷ್ಟು ಬದಲಾಯಿಸೋದಾ, ಇದ್ದ ಹಾಗೆ ಇಟ್ಟುಕೊಳ್ಳೋದಾ, ಇಲ್ಲ ಮತ್ತೆ ಮಿಲಿಟರಿ ರೂಪಕ್ಕೆ ತರೋದಾ? ದಾವಣಗೆರೆ, ಚಿತ್ರದುರ್ಗದ ಹಳೇ ಮನೆತನಗಳಲ್ಲಿ ಈ ಪ್ರಶ್ನೆ ಆಗಾಗ ಬರುತ್ತೆ. ಹೆಚ್ಚಿನ ಕಡೆ ಯಾರೂ ಕೂತು ಯೋಚಿಸುವುದಿಲ್ಲ, ಮನೆಯಲ್ಲಿ ಯಾರ ದನಿ ಜೋರೋ ಅವರು ಹೇಳಿದ ಹಾಗೆ ಆಗುತ್ತೆ. ಈ ಮನೆಯವರು ಕೂತು ಯೋಚಿಸಿದರು, ಜಗಳವನ್ನೂ ಆಡಿದರು. ಹಳೇ ಕೋವಿಗಳ ಹುಚ್ಚು ಇರುವವನು ಅಂತ ನನ್ನನ್ನೂ ಜೊತೆಗೆ ಕರೆದುಕೊಂಡಿದ್ದರು. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಊರಿನ ಹೆಸರು ಹೇಳುವುದಿಲ್ಲ, ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮನೆ ಮತ್ತು ರೈಫಲ್

ಜಗಳೂರು ತಾಲ್ಲೂಕಿನ ಒಣಭೂಮಿ ಒಕ್ಕಲುತನದ ಮನೆ. ಮೆಕ್ಕೆಜೋಳ, ಈರುಳ್ಳಿ, ಶೇಂಗಾ. ಅಜ್ಜನ ಕಾಲದಲ್ಲಿ ಸುತ್ತಲ ಗುಡ್ಡಗಳಲ್ಲಿ ಶಿಕಾರಿ ಇತ್ತು. 1950ರ ದಶಕದಲ್ಲಿ ಅಜ್ಜ ಈ ರೈಫಲ್ ಕೊಂಡರು. ಅವರು ಹೋದಮೇಲೆ ಮಗನ ಹೆಸರಿಗೆ ಲೈಸೆನ್ಸ್ ಆಯಿತು. ಆ ಮಗನಿಗೆ ಈಗ ಎಂಬತ್ತು ದಾಟಿದೆ, ಮನೆಯವರೆಲ್ಲ ಅವರನ್ನು ಅಪ್ಪಾಜಿ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ಅವರ ಮಗ ಹೈಸ್ಕೂಲು ಮೇಷ್ಟ್ರು. ರೈಫಲ್ ಬರಬೇಕಾದ್ದು ಮೇಷ್ಟ್ರ ಹೆಸರಿಗೆ.

ಹಳೇ ಲೈಸೆನ್ಸ್ ಪುಸ್ತಕದ ಮೇಲೆ ಚಿತ್ರದುರ್ಗ ಜಿಲ್ಲೆಯ ಮೊಹರು ಇದೆ. ದಾವಣಗೆರೆ ಬೇರೆ ಜಿಲ್ಲೆ ಆದದ್ದು 1997ರಲ್ಲಿ ಅಲ್ವಾ, ಅದಕ್ಕೆ ಮುಂಚಿನ ಈ ಕಡೆಯ ಕಾಗದಗಳೆಲ್ಲ ಹೀಗೇ. ತಯಾರಕರು ಅನ್ನುವ ಕಡೆ "ಬಿ.ಎಸ್.ಎ." ಅಂತ ಬರೆದಿದೆ, ಅದು ಇಂಗ್ಲೆಂಡಿನ ಬಂದೂಕು ಕಂಪನಿ. ಬೋರ್, ಅಂದರೆ ಬ್ಯಾರಲ್ ಮತ್ತು ತೋಟಾದ ಅಳತೆ, .30-06. ನಮ್ಮಲ್ಲಿ ಬಾಯಿಮಾತಿನಲ್ಲಿ ಥರ್ಟಿ-ಆಟ್-ಸಿಕ್ಸ್.

1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಶಿಕಾರಿ ಮುಗಿಯಿತು. ಅಜ್ಜ ಓಡಾಡಿದ ಗುಡ್ಡಗಳ ಪಕ್ಕದಲ್ಲೇ ಈಗ ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯ ಇದೆ. ಅಂದರೆ ಈ ರೈಫಲ್ಲಿನ ಕೆಲಸ ನಿಂತು ಐವತ್ತು ವರ್ಷ ಆಯಿತು. ಆಮೇಲೆ ಅದು ಹೊರಗೆ ಬರುತ್ತಿದ್ದದ್ದು ಎರಡೇ ಕಾರಣಕ್ಕೆ: ಆಯುಧ ಪೂಜೆಗೆ, ಮತ್ತು ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಲು.

ಪ್ರಶ್ನೆ ಎದ್ದದ್ದು 2023ರಲ್ಲಿ. ಮೇ ತಿಂಗಳ ವಿಧಾನಸಭಾ ಚುನಾವಣೆ ಮುಗಿದು ರೈಫಲ್ ಮನೆಗೆ ವಾಪಸ್ ಬಂತು. ರೆಕ್ಸಿನ್ ಕವರ್ ಬಿಚ್ಚಿದರೆ ಬ್ಯಾರಲ್ ಮೇಲೆ ತುಕ್ಕು. ಹಿಂಭಾಗದ ಮರ, ಕೈ ಹಿಡಿಯುವ ತೆಳುವಾದ ಜಾಗದಲ್ಲಿ, ಕೂದಲೆಳೆಯಷ್ಟು ಸೀಳು ಬಿಟ್ಟಿದೆ. ಅಪ್ಪಾಜಿಗೆ ಎಪ್ಪತ್ತು ದಾಟಿ ಎಷ್ಟೋ ವರ್ಷ ಆಗಿದೆ, 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಕೊಡಬಹುದು. ಸರಿ, ಈಗಲೇ ಮಾಡಿ ಮುಗಿಸೋಣ, ಹಾಗೇ ರಿಪೇರಿನೂ ಆಗಲಿ ಅಂತ ಮನೆಯವರು ಕೂತರು.

ಮೂರು ಜನ, ಮೂರು ಮಾತು

ಮೇಷ್ಟ್ರ ಅಕ್ಕನ ಮಗ ಬೆಂಗಳೂರಲ್ಲಿ ಕೆಲಸ ಮಾಡುತ್ತಾನೆ. ಅಳಿಯ ಅನ್ನೋಣ. ಅವನ ಪಟ್ಟಿ ಉದ್ದ ಇತ್ತು. ಟೆಲಿಸ್ಕೋಪ್ ಕೂರಿಸಬೇಕು, ಅದಕ್ಕೆ ಮೇಲೆ ತೂತು ಕೊರೆಯಬೇಕು. ಬ್ಯಾರಲ್ ನಾಲ್ಕು ಇಂಚು ಕತ್ತರಿಸಬೇಕು. ಹಳೇ ಮರ ತೆಗೆದು ಪ್ಲಾಸ್ಟಿಕ್ ಹಾಕಬೇಕು. ಎಲ್ಲಕ್ಕೂ ಕಪ್ಪು ಬಣ್ಣ. ಅವನ ವಾದ ನೇರವಾಗಿತ್ತು. "ಮಾವ, ಇದು ಒರಿಜಿನಲ್ ಅಲ್ಲವೇ ಅಲ್ಲ. ಯಾರೋ ಆಗಲೇ ಹಾಳು ಮಾಡಿದಾರೆ. ಹಾಳಾಗಿರೋದನ್ನ ಇನ್ನೇನು ಹಾಳು ಮಾಡೋದು? ಅಮೆರಿಕದವರು ಇಂಥವನ್ನೇ ತಗೊಂಡು ಬೇಕಾದ ಹಾಗೆ ಮಾಡ್ಕೊಳ್ತಾರೆ."

ಅವನ ಅಪ್ಪ, ಅಂದರೆ ಮೇಷ್ಟ್ರ ಭಾವ, ಸೈನ್ಯದಿಂದ ನಿವೃತ್ತರಾದ ಸುಬೇದಾರರು. ಅವರದ್ದು ತದ್ವಿರುದ್ಧ. "ಇದು ಮೊದಲಿಗೆ ಫೌಜಿನ ರೈಫಲ್. ಅದಕ್ಕೆ ಅದರ ಯೂನಿಫಾರ್ಮ್ ವಾಪಸ್ ಕೊಡ್ರಿ ಮೇಷ್ಟ್ರೇ. ಪೂರ್ತಿ ಉದ್ದದ ಮರ, ಮೇಲಿನ ಹೊದಿಕೆ, ಬಯೊನೆಟ್ ಕೊಂಡಿ, ಎಲ್ಲಾ." ಅಪ್ಪ-ಮಗ ಇಬ್ಬರೂ ಒಂದೇ ಕಾರಿನಲ್ಲಿ ಬಂದು ಎರಡು ಪಕ್ಷ ಆಗಿ ಕೂತಿದ್ದರು, ನೋಡೋಕೆ ಮಜವಾಗಿತ್ತು.

ಅಪ್ಪಾಜಿ ಹೇಳಿದ್ದು ಒಂದೇ ಮಾತು. "ಎಣ್ಣಿ ಹಚ್ಚಿ ಇಡ್ರಿ, ಸಾಕು."

ಮೇಷ್ಟ್ರ ಕಷ್ಟ ಬೇರೆ. ಅವರ ಹೆಸರಲ್ಲಿ ಆಗಲೇ ಬೆಳೆ ಕಾವಲಿಗೆ ಒಂದು 12 ಬೋರ್ ಕೋವಿ ಇದೆ. 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡೇ ಬಂದೂಕು. ಮೊದಲು ಮೂರು ಇಟ್ಟುಕೊಳ್ಳಬಹುದಿತ್ತು. ಇದನ್ನು ತಗೊಂಡರೆ ಅಲ್ಲಿಗೆ ಅವರ ಕೋಟಾ ಮುಗಿಯಿತು. ಮುಂದೆ ಗುರಿ ಹೊಡೆಯುವ ಅಭ್ಯಾಸಕ್ಕೆ ಒಂದು ಒಳ್ಳೇ ರೈಫಲ್ ಬೇಕು ಅಂದರೂ ಇದರಲ್ಲೇ ಆಗಬೇಕು. ಅದಕ್ಕೇ ಅಳಿಯನ ಮಾತು ಅವರಿಗೆ ಪೂರ್ತಿ ತಳ್ಳಿಹಾಕುವ ಹಾಗಿರಲಿಲ್ಲ. ಜೊತೆಗೆ ಐವತ್ತು ದಾಟಿದ ಕಣ್ಣು, ಗುರಿ ಹಿಡಿಯಲು ಬ್ಯಾರಲ್ ಮೇಲೆ ಇರುವ ಹಿಂದಿನ ಸೈಟು ಮುಂದಿನ ಸೈಟು ಎರಡೂ ಒಟ್ಟಿಗೆ ಕಾಣಲ್ಲ.

ಅಳಿಯನ ವಾದದ ಬಗ್ಗೆ ಇಲ್ಲೇ ಒಂದು ಮಾತು ಹೇಳಬೇಕು, ಯಾಕಂದರೆ ಇದನ್ನು ನಾನು ಸುಮಾರು ಕಡೆ ಕೇಳಿದ್ದೇನೆ. ಅಮೆರಿಕದಲ್ಲಿ ಇಂಥ ರೈಫಲ್ ಬೇಕಾದಷ್ಟಿವೆ. ಒಂದು ಕೆಟ್ಟರೆ ಇನ್ನೊಂದು ಅಂಗಡಿಯಲ್ಲಿ ಸಿಗುತ್ತೆ. ಹಾಗಾಗಿ ಅಲ್ಲಿ ಒಮ್ಮೆ ಕತ್ತರಿಸಿದ್ದಕ್ಕೆ ಬೆಲೆ ಇಲ್ಲ, ಇನ್ನೂ ಕತ್ತರಿಸಿದರೂ ನಷ್ಟ ಇಲ್ಲ. ನಮ್ಮಲ್ಲಿ ಸಾಮಾನ್ಯರು ವಿದೇಶದ ಬಂದೂಕು ತರಿಸುವ ದಾರಿ 1980ರ ದಶಕದಲ್ಲೇ ಬಹುಪಾಲು ಮುಚ್ಚಿತು. ಅದಕ್ಕೆ ಮುಂಚೆ ಎಷ್ಟು ಬಂದವೋ ಅಷ್ಟೇ. ಪ್ರತಿ ವರ್ಷ ಒಂದಿಷ್ಟು ಠಾಣೆಗೆ ಒಪ್ಪಿಸಿ ಹೋಗುತ್ತವೆ, ಒಂದಿಷ್ಟು ತುಕ್ಕು ತಿಂದು ಹೋಗುತ್ತವೆ. ಅಲ್ಲಿಯ ಲೆಕ್ಕ ಅಲ್ಲಿಗೆ ಸರಿ, ಅದನ್ನು ಜಗಳೂರಿಗೆ ತಂದರೆ ನಡೆಯಲ್ಲ.

ಬಿಚ್ಚಿ ನೋಡಿದಾಗ ಸಿಕ್ಕಿದ್ದು

ತೀರ್ಮಾನ ಆಮೇಲೆ, ಮೊದಲು ಇದು ಏನು ಅಂತ ನೋಡೋಣ ಅಂದೆ. ದಾವಣಗೆರೆಯಲ್ಲಿ ರಿಪೇರಿ ಲೈಸೆನ್ಸ್ ಇರುವ ಒಬ್ಬ ಹಿರಿಯ ಮೇಸ್ತ್ರಿ ಇದ್ದಾರೆ, ಅವರಲ್ಲಿಗೆ ಒಯ್ಯುವುದು ಅಂತ ಆಯಿತು. ಅಪ್ಪಾಜಿಗೆ ಅಷ್ಟು ದೂರ ಬರುವುದು ಆಗಲ್ಲ. ಲೈಸೆನ್ಸ್‌ದಾರರು ಬರೆದುಕೊಟ್ಟ ಒಪ್ಪಿಗೆ ಕಾಗದ ಇದ್ದರೆ ರಿಪೇರಿಗೋ ನವೀಕರಣಕ್ಕೋ ಬೇರೆಯವರು ಒಯ್ಯಬಹುದು ಅಂತ 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಮಿನಲ್ಲೇ ಇದೆ. ಮಗ ತಾನೇ ಅಂತ ಸುಮ್ನೆ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುವವರು ಇದನ್ನು ನೆನಪಿಡಬೇಕು. ಅಪ್ಪಾಜಿ ಕಾಗದ ಬರೆದು ಸಹಿ ಹಾಕಿದರು, ಲೈಸೆನ್ಸ್ ಪುಸ್ತಕವೂ ಜೊತೆಗೆ ಹೊರಟಿತು.

ಪಿ.ಬಿ. ರಸ್ತೆಯ ಲೇತ್ ಅಂಗಡಿಯವರು ಈ ಕೆಲಸ ಮಾಡಲಾರರು ಅಂತಲ್ಲ, ಅವರ ಕೈಯಲ್ಲಿ ಆಗದ ಕೆಲಸ ಇಲ್ಲ. ಆದರೆ ಲೈಸೆನ್ಸ್ ಇಲ್ಲದವರ ಕೈಗೆ ಬಂದೂಕು ಕೊಟ್ಟು ಕೆಲಸ ಮಾಡಿಸಿದರೆ ಕೊಟ್ಟವರಿಗೂ ಮಾಡಿದವರಿಗೂ ಕೇಸು. ಬ್ಯಾರಲ್ ಕತ್ತರಿಸುವುದಕ್ಕೆ 6ನೇ ಕಲಮು ಬೇರೆಯೇ ಇದೆ. ಲೈಸೆನ್ಸ್ ಇಲ್ಲದೆ ಮಾಡಿದರೆ 2019ರ ನಂತರ ಕನಿಷ್ಠ 7 ವರ್ಷ ಜೈಲು. ಇದನ್ನು ಓದಿ ಹೇಳಿದಾಗ ಅಳಿಯನ ಪಟ್ಟಿಯಿಂದ ಬ್ಯಾರಲ್ ತಾನಾಗೇ ಬಿಟ್ಟುಹೋಯಿತು.

ಮೇಸ್ತ್ರಿ ಮರ ಬಿಚ್ಚಿದರು. ತೋಟಾ ಕೂರುವ ಕೋಣೆಯ ಹೊರಗಿನ ಗಟ್ಟಿ ಕಬ್ಬಿಣದ ಭಾಗಕ್ಕೆ ರಿಸೀವರ್ ಅಂತಾರೆ. ಅದರ ಮೇಲೆ ಎಣ್ಣೆ ಸವರಿ, ಬಟ್ಟೆಯಲ್ಲಿ ಒರೆಸಿ, ಟಾರ್ಚ್ ಅಡ್ಡಕ್ಕೆ ಹಿಡಿದರೆ ಅಕ್ಷರ ಎದ್ದವು: ಯು.ಎಸ್., ಮಾಡೆಲ್ ಆಫ್ 1917, ಎಡ್ಡಿಸ್ಟೋನ್. ಬಿ.ಎಸ್.ಎ. ಅಲ್ಲ!

ಇದರ ಹಿಂದೆ ಒಂದು ಕಥೆ ಇದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ರೈಫಲ್ ಸಾಲದೆ ಅಮೆರಿಕದ ಕಾರ್ಖಾನೆಗಳಲ್ಲಿ .303 ಬೋರಿನ ಪ್ಯಾಟರ್ನ್ 1914 ಅನ್ನುವುದನ್ನು ಮಾಡಿಸುತ್ತಿತ್ತು. 1917ರ ಏಪ್ರಿಲ್‌ನಲ್ಲಿ ಅಮೆರಿಕವೇ ಯುದ್ಧಕ್ಕೆ ಇಳಿಯಿತು, ಅವರಿಗೂ ರೈಫಲ್ ಸಾಲದು. ಯಂತ್ರಗಳು ಹೇಗೂ ಓಡುತ್ತಿವೆ ಅಂತ ಅದೇ ರೈಫಲ್ಲನ್ನು ತಮ್ಮ .30-06 ತೋಟಾಕ್ಕೆ ಹೊಂದಿಸಿದರು. ಅದೇ ಮಾಡೆಲ್ 1917. ವಿಂಚೆಸ್ಟರ್, ರೆಮಿಂಗ್ಟನ್, ಎಡ್ಡಿಸ್ಟೋನ್ ಮೂರು ಕಡೆ ತಯಾರಾಗಿ ಒಟ್ಟು ಇಪ್ಪತ್ತು ಲಕ್ಷ ದಾಟಿತು, ಅದರಲ್ಲಿ ಅರ್ಧಕ್ಕೂ ಜಾಸ್ತಿ ಎಡ್ಡಿಸ್ಟೋನ್‌ನವು. 1940ರಲ್ಲಿ ಫ್ರಾನ್ಸಿನ ಡಂಕರ್ಕ್‌ನಿಂದ ಸೈನ್ಯ ಆಯುಧ ಬಿಟ್ಟು ವಾಪಸಾದಮೇಲೆ ಬ್ರಿಟನ್ ಮತ್ತೆ ಕೈ ಖಾಲಿ ಮಾಡಿಕೊಂಡು ಕೂತಾಗ ಇವೇ ರೈಫಲ್‌ಗಳು ಲಕ್ಷಗಟ್ಟಲೆ ಅಲ್ಲಿಯ ಸ್ವಯಂಸೇವಕರ ಕಾವಲು ಪಡೆಯಾದ ಹೋಮ್ ಗಾರ್ಡ್‌ಗೆ ಹೋದವು. ಯುದ್ಧ ಮುಗಿದಮೇಲೆ ಬಿ.ಎಸ್.ಎ. ಕಂಪನಿ ಈ ಜಾತಿಯ ಮಿಲಿಟರಿ ರೈಫಲ್‌ಗಳನ್ನು ಶಿಕಾರಿಗೆ ತಕ್ಕ ಹಾಗೆ ತಿದ್ದಿ ಮಾರಿತು. ನಮ್ಮ ದೇಶದಲ್ಲಿ .303 ಸೈನ್ಯದ ಬೋರು, ಸಾಮಾನ್ಯರಿಗೆ ಸಿಗುತ್ತಿರಲಿಲ್ಲ. .30-06ಕ್ಕೆ ಆ ತೊಂದರೆ ಇಲ್ಲ. ಹಾಗಾಗಿ ಇಂಥದ್ದು ಜಗಳೂರಿನವರೆಗೂ ಬಂದದ್ದರಲ್ಲಿ ಆಶ್ಚರ್ಯ ಇಲ್ಲ. ಬ್ಯಾರಲ್ ಮೇಲೆ ಮೂರು ಬಂದೂಕು ಒರಗಿಸಿಟ್ಟ ಬಿ.ಎಸ್.ಎ. ಗುರುತು ಇತ್ತು. ಲೈಸೆನ್ಸ್ ಬರೆದವರು ಅದನ್ನು ನೋಡಿ ಬರೆದಿರಬೇಕು.

ಹಿಂದಿನ ಸೈಟನ್ನು ಕಾಯಲು ಮಿಲಿಟರಿ ರೂಪದಲ್ಲಿ ಎರಡು ಕಡೆ ಕಬ್ಬಿಣದ ಕಿವಿಗಳಿರುತ್ತವೆ. ಇದರಲ್ಲಿ ಅವನ್ನು ಉಜ್ಜಿ ಸಮ ಮಾಡಿದ್ದಾರೆ. ಮುಂದಿನ ಮರವನ್ನು ಅರ್ಧಕ್ಕೆ ಕತ್ತರಿಸಿದ್ದಾರೆ. ಹೊಸ ಮರ ಹಾಕಿಲ್ಲ, ಮಿಲಿಟರಿ ಮರವನ್ನೇ ಉಳಿಸಿಕೊಂಡಿದ್ದಾರೆ. ಬೆರಳು ಕೂರುವ ಉದ್ದನೆಯ ತೋಡು ಎರಡೂ ಪಕ್ಕದಲ್ಲಿ ಹಾಗೇ ಇತ್ತು.

ಆಗ ಮೇಸ್ತ್ರಿ ಮರವನ್ನು ತಿರುಗಿಸಿ, ಬ್ಯಾರಲ್ ಕೂರುವ ಕಾಲುವೆಯ ಒಳಗೆ ಬೆರಳು ಇಟ್ಟು ಕರೆದರು. "ಇಲ್ಲಿ ನೋಡ್ರಿ, ರಕ್ತ ಹರಿದಂಗೈತಿ." ಮೇಲಂಚಿನಿಂದ ಒಳಗಡೆಗೆ ಇಳಿದು ಒಣಗಿದ ಕೆಂಪು ಬಣ್ಣ. ಎರಡು ಬೆರಳು ಅಗಲ, ಎರಡೂ ಅಂಚಿನಲ್ಲಿ ಎದುರುಬದುರು. ಹೊರಗೆ ಉಜ್ಜಿ ಪಾಲಿಶ್ ಮಾಡಿದಾರೆ, ಅಲ್ಲೇನೂ ಇಲ್ಲ. ಒಳಗೆ ಮಾತ್ರ ಮರದ ನಾರಿನಲ್ಲಿ ಇಳಿದು ಕೂತಿದೆ.

ಅದು ಹೋಮ್ ಗಾರ್ಡ್‌ನ ಕೆಂಪು ಪಟ್ಟಿ. ಬ್ರಿಟನ್ನಿನ ಉಳಿದ ರೈಫಲ್‌ಗಳು .303, ಇವು .30-06, ನೋಡೋಕೆ ಪ್ಯಾಟರ್ನ್ 1914 ಮತ್ತು ಇದು ಅಣ್ಣತಮ್ಮ. ಗಡಿಬಿಡಿಯಲ್ಲಿ ಒಂದರ ತೋಟಾ ಇನ್ನೊಂದಕ್ಕೆ ಹಾಕಬಾರದು ಅಂತ ಇವುಗಳ ಮುಂದಿನ ಮರಕ್ಕೆ ಕೆಂಪು ಪಟ್ಟಿ ಬಳಿಯುತ್ತಿದ್ದರು.

ಸುಬೇದಾರರು ಬಹಳ ಹೊತ್ತು ಆ ಬಣ್ಣವನ್ನೇ ನೋಡಿದರು. ಅಳಿಯ ಫೋಟೋ ತೆಗೆದ. ಪ್ಲಾಸ್ಟಿಕ್ ಮರದ ವಿಷಯ ಆಮೇಲೆ ಅವನೂ ಎತ್ತಲಿಲ್ಲ.

ವಿಭೂತಿಯ ತುಕ್ಕು

ತುಕ್ಕಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಎಲ್ಲರೂ ಠಾಣೆಯಲ್ಲಿ ಇದ್ದಾಗ ಹಿಡಿಯಿತು ಅಂದುಕೊಂಡಿದ್ದರು. ಒರೆಸಿ ನೋಡಿದರೆ ಎರಡು ಥರದ ತುಕ್ಕು. ಒಂದು ಮೇಲ್ಮೇಲೆ ಕೆಂಪಗೆ, ಹೊಸದು. ರೆಕ್ಸಿನ್ ಕವರ್ ಒಳಗಡೆ ಬೆವರಿ ಆದದ್ದು. ಇನ್ನೊಂದು ರಿಸೀವರ್ ಹತ್ತಿರ, ಬ್ಯಾರಲ್ ಮೇಲೆ, ಅಡ್ಡಡ್ಡಕ್ಕೆ ಮೂರು ಗೆರೆ. ಕಪ್ಪಗೆ, ಸ್ವಲ್ಪ ಗುಳಿ ಬಿದ್ದಿವೆ. ಮೇಸ್ತ್ರಿ ನಕ್ಕರು. ಮೂರು ಬೆರಳಿನ ವಿಭೂತಿ! ಪ್ರತಿ ಆಯುಧ ಪೂಜೆಗೂ ವಿಭೂತಿ ನೀರಲ್ಲಿ ಕಲಸಿ ಅದೇ ಜಾಗಕ್ಕೆ ಹಚ್ಚಿ, ಕುಂಕುಮ ಇಟ್ಟು, ಹೂ ಏರಿಸಿ, ಹಾಗೇ ಕಪಾಟಿಗೆ. ತೇವ ಹಿಡಿದ ಬೂದಿ ಕಬ್ಬಿಣದ ಮೇಲೆ ವರ್ಷಗಟ್ಟಲೆ ಕೂತರೆ ಇನ್ನೇನಾಗುತ್ತೆ?

ಬ್ಯಾರಲ್ ಒಳಗಿನ ಕಥೆ ಬೇರೆ. ಹಳೇ ಮಿಲಿಟರಿ ತೋಟಾದ ಕ್ಯಾಪಿನಲ್ಲಿ ಇರುತ್ತಿದ್ದ ಮದ್ದು ಉರಿದಮೇಲೆ ಒಂದು ಬಗೆಯ ಉಪ್ಪು ಉಳಿಸುತ್ತಿತ್ತು. ಬರೀ ಎಣ್ಣೆ ಹಾಕಿದರೆ ಅದು ಹೋಗಲ್ಲ, ಬಿಸಿನೀರು ಹಾಕಿ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಹಾಕಬೇಕು. ಅಜ್ಜನ ಕಾಲದಲ್ಲಿ ಎಣ್ಣೆ ಮಾತ್ರ ಹಾಕಿದ್ದಾರೆ. ಒಳಗಿನ ಐದು ಸುರುಳಿ ಗೀರುಗಳು ಇವೆ, ಆದರೆ ಹೊಳಪಿಲ್ಲ, ತೋಟಾ ಕೋಣೆಯ ಮುಂದೆ ಗುಳಿಗಳಿವೆ.

ಇಲ್ಲಿಂದ ಹೊಸದೊಂದು ಸಲಹೆ ಹುಟ್ಟಿತು. ಬ್ಯಾರಲ್ಲೇ ಬದಲಾಯಿಸಿಬಿಟ್ಟರೆ? ಮೇಷ್ಟ್ರಿಗೆ ಇದು ಮನಸ್ಸಿಗೆ ಬಂತು. ಹೊರಗಿನ ರೂಪ ಹಾಗೇ, ಒಳಗೆ ಹೊಸದು, ಗುರಿಯೂ ಚೆನ್ನಾಗಿ ಬೀಳುತ್ತೆ.

ಮೇಸ್ತ್ರಿ ಕೈ ಮುಗಿದರು. ಎಡ್ಡಿಸ್ಟೋನ್‌ನ ಬ್ಯಾರಲ್‌ಗಳನ್ನು ಕಾರ್ಖಾನೆಯಲ್ಲಿ ವಿಪರೀತ ಬಿಗಿಯಾಗಿ ತಿರುಗಿಸಿರುತ್ತಾರೆ, ಬಿಚ್ಚೋಕೆ ಹೋದಾಗ ರಿಸೀವರ್ ಬಿರುಕು ಬಿಟ್ಟ ಉದಾಹರಣೆಗಳು ಈ ಮಾದರಿಯ ಬಗ್ಗೆ ತಿಳಿದವರಿಗೆಲ್ಲ ಗೊತ್ತು. ಬಿರುಕು ಬಿಟ್ಟರೆ ರೈಫಲ್ ಸತ್ತ ಹಾಗೇ, ವೆಲ್ಡಿಂಗ್ ಮಾಡಿ ಉಳಿಸುವ ಮಾತಿಲ್ಲ. "ನಾನು ಬಿಚ್ಚಲ್ಲ. ಬೇರೆ ಕಡೆ ಬಿಚ್ಚಿಸಿದ್ರೆ ನನ್ನ ಹತ್ರ ತರಬ್ಯಾಡ್ರಿ."

ಈಗ ಬಿರುಕು ಇದೆಯಾ ಅಂತ ತಿಳಿಯೋಣ ಅಂದುಕೊಂಡೆವು. ವೆಲ್ಡಿಂಗ್ ತಪಾಸಣೆ ಮಾಡುವ ಪರಿಚಯದವರೊಬ್ಬರು ಡೈ ಪೆನೆಟ್ರಂಟ್ ಡಬ್ಬಿಗಳನ್ನು ಹಿಡಿದು ಮೇಸ್ತ್ರಿಯ ಅಂಗಡಿಗೇ ಬಂದರು, ಬಂದೂಕು ಹೊರಗೆ ಹೋಗಲಿಲ್ಲ. ಕಬ್ಬಿಣ ಚೊಕ್ಕಟ ಮಾಡಿ ಕೆಂಪು ದ್ರವ ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಬಿಳಿ ಪುಡಿಯ ಸ್ಪ್ರೇ ಹೊಡೆದರೆ ಬಿರುಕಿನೊಳಗೆ ಇಳಿದ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಮೂಡುತ್ತೆ. ಏನೂ ಮೂಡಲಿಲ್ಲ. ಎಲ್ಲರಿಗೂ ಸಮಾಧಾನ. ಆದರೆ ಮೇಷ್ಟ್ರು ಸರಿಯಾದ ಪ್ರಶ್ನೆ ಕೇಳಿದರು: "ಈಗ ಬಿರುಕಿಲ್ಲ ಅಂದ್ರೆ ಬಿಚ್ಚಿದಾಗ ಬಿಡಲ್ಲ ಅಂತ ಅರ್ಥನಾ?" ಅಲ್ಲ. ಬ್ಯಾರಲ್ ಬದಲಿಸುವ ಮಾತು ಅಲ್ಲಿಗೆ ಮುಗಿಯಿತು.

ಹೆಡ್‌ಸ್ಪೇಸ್ ಕೂಡ ಅಳೆದರು. ತೋಟಾದ ಹಿಂದೆ ಬಾಗಿಲಿನ ಹಾಗೆ ಕೂರುವ ಬೋಲ್ಟ್ ಮುಚ್ಚಿದಾಗ ಅದರ ಮುಖಕ್ಕೂ ತೋಟಾ ಕೂರುವ ಜಾಗಕ್ಕೂ ಇರಬೇಕಾದ ಲೆಕ್ಕ ಅದು. ಅಳೆಯಲು ಮೂರು ಗೇಜುಗಳಿವೆ. ಬೋಲ್ಟ್ ಮೊದಲನೆಯದರ ಮೇಲೆ ಮುಚ್ಚಬೇಕು, ಮುಚ್ಚಿತು. ಎರಡನೆಯದರ ಮೇಲೆ ಮುಚ್ಚಬಾರದು, ಅದರ ಮೇಲೂ ಬಿಗಿಯಾಗಿ ಮುಚ್ಚಿತು. ಕೊನೆಯ ಮಿತಿ ಹೇಳುವ ಮೂರನೆಯದರ ಮೇಲೆ ಮುಚ್ಚಲಿಲ್ಲ. ಅಂದರೆ ಸವೆದಿದೆ, ಆದರೆ ಮಿತಿ ಮೀರಿಲ್ಲ. ಅಪರೂಪಕ್ಕೆ ಹೊಡೆಯಬಹುದು, ದಿನಾ ಅಭ್ಯಾಸಕ್ಕೆ ಬೇಡ.

3 ಮತ್ತು 8

ಇಡೀ ಪ್ರಕರಣದಲ್ಲಿ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ತಿರುವು ಇದು. ನಂಬರ್ ತಾಳೆ ನೋಡುವಾಗ ಲೈಸೆನ್ಸ್‌ನಲ್ಲಿ ಕೊನೆಯ ಅಂಕಿ 3. ರಿಸೀವರ್ ಮೇಲೆ ಮೊದಲ ನೋಟಕ್ಕೆ 3 ಅಂತಲೇ ಕಂಡಿತು. ಆ ಅಂಕಿಯ ಎಡಭಾಗ ಸವೆದಿತ್ತು. ಮೇಸ್ತ್ರಿ ಸೀಮೆಸುಣ್ಣ ತೇಯ್ದು, ಟಾರ್ಚನ್ನು ಬಹುತೇಕ ಕಬ್ಬಿಣಕ್ಕೆ ತಾಗಿಸಿ, ಪಕ್ಕದಿಂದ ಬೆಳಕು ಬಿಟ್ಟರು. ಎಡಭಾಗದ ಎರಡು ಸಣ್ಣ ಕಮಾನುಗಳು ಕಂಡವು. ಅದು 8.

ಮನೆಗೆ ಬಂದು ಅಜ್ಜನ ಕಾಗದದ ಗಂಟು ಬಿಚ್ಚಿದರೆ, ರೈಫಲ್ ಕೊಂಡ ಅಂಗಡಿಯ ರಸೀದಿ ಸಿಕ್ಕಿತು. ಅದರಲ್ಲೂ 8. ಅಂದರೆ ಎಲ್ಲೋ ಹಳೇ ಪುಸ್ತಕ ತುಂಬಿ ಹೊಸ ಪುಸ್ತಕಕ್ಕೆ ಏರಿಸುವಾಗ 8 ಹೋಗಿ 3 ಆಗಿದೆ. ಎಷ್ಟೋ ನವೀಕರಣಗಳಲ್ಲಿ ಯಾರೂ ಗಮನಿಸಿಲ್ಲ, ಮನೆಯವರೂ ಗಮನಿಸಿಲ್ಲ.

ಈಗ ಯೋಚಿಸಿ. ಅಳಿಯನ ಪಟ್ಟಿಯಲ್ಲಿ ಎಲ್ಲಕ್ಕಿಂತ ಸಾಧು ಕೆಲಸ ಅಂದರೆ ಕಪ್ಪು ಬಣ್ಣ, ಬ್ಲೂಯಿಂಗ್. ಅದಕ್ಕೆ ಯಾರ ತಕರಾರೂ ಇರಲಿಲ್ಲ, ಸುಬೇದಾರರದ್ದೂ ಇರಲಿಲ್ಲ. ಆದರೆ ಬ್ಲೂಯಿಂಗ್‌ಗೆ ಮುಂಚೆ ಕಬ್ಬಿಣವನ್ನು ಚಕ್ರಕ್ಕೆ ಹಿಡಿದು ಪಾಲಿಶ್ ಮಾಡುತ್ತಾರೆ. ಸವೆದಿದ್ದ ಆ ಎಡಭಾಗ ಮೊದಲ ಸುತ್ತಿಗೇ ಹೋಗಿಬಿಡುತ್ತಿತ್ತು. ಆಮೇಲೆ ಅದು ಎಲ್ಲರ ಕಣ್ಣಿಗೂ 3. ಅಂಗಡಿಯ ರಸೀದಿ 8 ಅನ್ನುತ್ತೆ, ಲೈಸೆನ್ಸ್ 3 ಅನ್ನುತ್ತೆ, ಕಬ್ಬಿಣ ಏನನ್ನೂ ಹೇಳಲ್ಲ. ಬಂದೂಕಿನ ಗುರುತಿನ ನಂಬರ್ ಅಳಿಸುವುದು, ತಿದ್ದುವುದು ಕಾಯ್ದೆಯ 8ನೇ ಕಲಮಿನಡಿ ಅಪರಾಧ. ಬೇಕಂತ ಮಾಡಿಲ್ಲ ಅಂತ ಸಾಬೀತು ಮಾಡುತ್ತಾ ಕೂರುವ ಕೆಲಸ ಮೇಷ್ಟ್ರಿಗೆ ಬೀಳುತ್ತಿತ್ತು, ಅದೂ ವಾರಸಾ ಅರ್ಜಿ ಹಾಕುವ ಹೊತ್ತಿನಲ್ಲಿ.

ಇನ್ನೊಂದು ಸಣ್ಣ ವಿಷಯ. ಮುಂದಿನ ಸೈಟಿನ ಕಟ್ಟೆಯನ್ನು ಬೆಸುಗೆ ಹಾಕಿ ಕೂರಿಸಿದ್ದರು. ಕುದಿಯುವ ಕ್ಷಾರದ ತೊಟ್ಟಿಯಲ್ಲಿ ಅದ್ದುವ ಬ್ಲೂಯಿಂಗ್ ಆಗಿದ್ದರೆ ಆ ಸೀಸದ ಬೆಸುಗೆಯನ್ನೂ ಅದು ತಿನ್ನುತ್ತಿತ್ತು.

ಸುಬೇದಾರರ ಪಕ್ಷ ಬಿದ್ದದ್ದು

ಮಿಲಿಟರಿ ರೂಪಕ್ಕೆ ತರುವ ಯೋಚನೆ ಇನ್ನೂ ಬಾಕಿ ಇತ್ತು. ಕೆಂಪು ಪಟ್ಟಿ ಸಿಕ್ಕಮೇಲೆ ಅದಕ್ಕೆ ಬಲ ಬಂದ ಹಾಗೆ ಕಂಡಿತು. ಆದರೆ ಉಜ್ಜಿ ಹಾಕಿದ ಕಿವಿಗಳನ್ನು ಎಲ್ಲಿಂದ ತರೋದು? ಹೊಸ ಕಬ್ಬಿಣ ವೆಲ್ಡ್ ಮಾಡಬೇಕು. ರಿಸೀವರ್‌ಗೆ ಕೊಟ್ಟಿರುವ ಹದ ಆ ಬಿಸಿಗೆ ಹಾಳಾಗುತ್ತೆ. ಕಿವಿ ಇಲ್ಲದೆ ಬರೀ ಉದ್ದನೆಯ ಮರ ಹಾಕಿದರೆ ಅದು ಎಲ್ಲೂ ಇಲ್ಲದ ಒಂದು ರೂಪ. ಅಲ್ಲದೆ ಹೊಸ ಮರ ಹಾಕಿದರೆ ಕೆಂಪು ಪಟ್ಟಿ ಇರುವ ಹಳೇ ಮರ ಅಟ್ಟಕ್ಕೆ ಹೋಗುತ್ತೆ. ಮಿಲಿಟರಿ ಗುರುತು ಉಳಿಸೋಕೆ ಹೋಗಿ ಉಳಿದಿರುವ ಒಂದೇ ಗುರುತನ್ನು ಕಳಚಿಟ್ಟ ಹಾಗೆ.

ಸುಬೇದಾರರು ಹಠ ಮಾಡಲಿಲ್ಲ. ಅವರು ಹೇಳಿದ ಮಾತು ನನಗೆ ಹಿಡಿಸಿತು. "ಇದು ರಿಟೈರ್ ಆದ ಸಿಪಾಯಿ. ಊರಿಗೆ ಬಂದು ಪಂಚೆ ಉಟ್ಟಾನೆ. ಮತ್ತೆ ಪರೇಡಿಗೆ ಯಾಕ ಕರೀಬೇಕು?" ಅಷ್ಟು ಹೊತ್ತಿಗೆ ನಾವೆಲ್ಲ ಒಂದು ವಿಷಯಕ್ಕೆ ಬಂದಿದ್ದೆವು. ಇದು ಕೆಟ್ಟುಹೋದ ಮಿಲಿಟರಿ ರೈಫಲ್ ಅಲ್ಲ. ಎರಡು ವರ್ಷ ಸುಮಾರಿನಲ್ಲಿ ತಯಾರಾದ ಲಕ್ಷಾಂತರ ರೈಫಲ್‌ಗಳಲ್ಲಿ ಒಂದು ಅಂತ ನೋಡಿದರೆ ಇದಕ್ಕೆ ಬೆಲೆ ಕಡಿಮೆ. ಮಿಲಿಟರಿಯಿಂದ ಶಿಕಾರಿಗೆ, ಶಿಕಾರಿಯಿಂದ ಒಬ್ಬ ಜಗಳೂರು ರೈತನ ಕಪಾಟಿಗೆ ಬಂದ ಇದೇ ರೂಪದಲ್ಲಿ ನೋಡಿದರೆ ಇಂಥದ್ದು ಇದೊಂದೇ.

ಮಾಡಿದ ಕೆಲಸ

ಒಂದು ಕಟ್ಟುಪಾಡು ಹಾಕಿಕೊಂಡೆವು. ಮುಂದೆ ಯಾರಾದರೂ ಬೇಡ ಅಂದರೆ ವಾಪಸ್ ತೆಗೆಯಬಹುದಾದ ಕೆಲಸಕ್ಕೆ ಚರ್ಚೆ ಬೇಕಿಲ್ಲ. ವಾಪಸ್ ತೆಗೆಯಲಾಗದ್ದಕ್ಕೆ ನಾಲ್ಕೂ ಜನ ಒಪ್ಪಬೇಕು, ಅಪ್ಪಾಜಿ ಸೇರಿ.

ಹೊಸ ತುಕ್ಕನ್ನು ಅತಿ ನಯವಾದ ಸ್ಟೀಲ್ ವುಲ್ ಮತ್ತು ಎಣ್ಣೆಯಲ್ಲಿ, ನಂಬರ್ ಇರುವ ಜಾಗ ಬಿಟ್ಟು, ಕೈಯಲ್ಲೇ ತೆಗೆದರು. ವಿಭೂತಿಯ ಮೂರು ಗೆರೆಗಳ ಬಗ್ಗೆ ಸ್ವಲ್ಪ ಮಾತಾಯಿತು. ಗುಳಿ ಮುಚ್ಚಬೇಕೆಂದರೆ ಸುತ್ತಲಿನ ಕಬ್ಬಿಣ ಸವೆಸಬೇಕು. ಬೇಡ, ತುಕ್ಕು ಮುಂದುವರಿಯದ ಹಾಗೆ ನಿಲ್ಲಿಸಿ ಗೆರೆ ಹಾಗೇ ಇರಲಿ ಅಂತ ಆಯಿತು. ಮರದ ಸೀಳಿಗೆ ಮೇಸ್ತ್ರಿ ಎಪಾಕ್ಸಿ ಇಳಿಸಿ ಬಿಗಿದು ಕಟ್ಟಿ ಇಟ್ಟರು. ಬೇಸಿಗೆಯಲ್ಲಿ ನಮ್ಮ ಕಡೆಯ ಒಣ ಗಾಳಿಗೆ ಮರ ಕುಗ್ಗಿ, ಅದನ್ನು ಹಿಡಿದಿರುವ ತಿರುಪುಗಳು ಸಡಿಲಾಗಿ, ಹೊಡೆದಾಗಿನ ಒದೆತ ಸರಿಯಾದ ಜಾಗಕ್ಕೆ ಬೀಳದೆ ಸೀಳು ಬಂದಿತ್ತು. ಆ ಜಾಗ ಸರಿ ಮಾಡದೆ ಬರೀ ಸೀಳು ಮುಚ್ಚಿದ್ದರೆ ಮತ್ತೆ ಬಿಡುತ್ತಿತ್ತು. ಪಾಲಿಶ್ ಇಲ್ಲ, ಉಪ್ಪುಕಾಗದ ಇಲ್ಲ, ಅಗಸೆ ಎಣ್ಣೆ ತೆಳುವಾಗಿ ಅಷ್ಟೇ. ಕೆಂಪು ಪಟ್ಟಿಯ ಜಾಗಕ್ಕೆ ಅದೂ ಇಲ್ಲ.

ಮೇಷ್ಟ್ರ ಕಣ್ಣಿನ ಸಮಸ್ಯೆಗೆ ಟೆಲಿಸ್ಕೋಪ್ ಬೇಕಾಗಲಿಲ್ಲ. ರಿಸೀವರ್ ಪಕ್ಕದಲ್ಲಿ ಆಗಲೇ ಎರಡು ತಿರುಪಿನ ತೂತು ಇದ್ದವು, ಯಾವುದೋ ಕಾಲದಲ್ಲಿ ಪೀಪ್ ಸೈಟ್ ಹಾಕಿದ್ದ ಗುರುತು. ಸಣ್ಣ ರಂಧ್ರದ ಮೂಲಕ ನೋಡಿದರೆ ಮುಂದಿನ ಸೈಟೂ ಗುರಿಯೂ ಎರಡೂ ಸ್ಪಷ್ಟವಾಗುತ್ತವೆ, ಕನ್ನಡಕ ಹಾಕುವ ವಯಸ್ಸಿನವರಿಗೆ ಇದು ದೊಡ್ಡ ಉಪಕಾರ. ಹಳೇ ಪೀಪ್ ಸೈಟೊಂದನ್ನು ಬೇರೆ ಊರಿನ ಡೀಲರ್ ಹತ್ತಿರ ಹುಡುಕಿ ತಂದರು. ತಿರುಪಿನ ಅಳತೆ ಪೂರ್ತಿ ಹೊಂದಲಿಲ್ಲ. ಮೇಸ್ತ್ರಿ ತೂತನ್ನು ಮುಟ್ಟದೆ, ತಿರುಪನ್ನೇ ಹೊಸದಾಗಿ ಮಾಡಿದರು.

2024ರ ಲೋಕಸಭಾ ಚುನಾವಣೆ ಬಂತು, ದಾವಣಗೆರೆಯಲ್ಲಿ ಮೇ 7ಕ್ಕೆ ಮತದಾನ. ಮತ್ತೆ ಠಾಣೆಗೆ. ಈ ಸಲ ರೆಕ್ಸಿನ್ ಕವರ್ ಬಿಟ್ಟು, ಗ್ರೀಸ್ ಸವರಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ನಾಲ್ಕೂ ಕಡೆಯಿಂದ ಫೋಟೋ ತೆಗೆದು, ನಂಬರಿನ ಹತ್ತಿರದ ಫೋಟೋ ಸೇರಿಸಿ, ರಸೀದಿಯ ಜೊತೆ ಇಟ್ಟುಕೊಂಡರು. ವಾಪಸ್ ಬಂದಾಗ ಹೊಸ ತುಕ್ಕು ಇರಲಿಲ್ಲ.

ಕಾಗದದ ಕೆಲಸ ಸುಲಭ ಆಗಲಿಲ್ಲ. ವಾರಸಾ ಅರ್ಜಿ ಮತ್ತು ತಿದ್ದುಪಡಿ ಅರ್ಜಿ ಒಟ್ಟಿಗೆ ಹಾಕಬಾರದು, ಮೊದಲು ಅಪ್ಪಾಜಿಯ ಹೆಸರಲ್ಲೇ ನಂಬರ್ ಮತ್ತು ತಯಾರಕರ ಹೆಸರು ಸರಿಯಾಗಲಿ, ಆಮೇಲೆ ವಾರಸಾ ಅಂತ ಮೇಷ್ಟ್ರು ನಿರ್ಧರಿಸಿದರು. ತಪ್ಪು ನಂಬರಿನ ಬಂದೂಕನ್ನು ವಾರಸಾಗೆ ತಗೊಂಡು, ಆಮೇಲೆ ನಂಬರ್ ತಪ್ಪು ಅಂತ ಹೇಳಹೊರಟರೆ ಪ್ರಶ್ನೆಗಳು ಜಾಸ್ತಿ. ಅಜ್ಜನ ರಸೀದಿ, ಫೋಟೋಗಳು, ಮೇಸ್ತ್ರಿಯ ಕಾಗದ ಕೊಟ್ಟು ಅರ್ಜಿ ಹಾಕಿ, ಪರಿಶೀಲನೆ ಆಗಿ, ತಿದ್ದುಪಡಿ ಆಯಿತು. ತಡವಾಯಿತು, ಆದರೆ ಆಯಿತು. ವಾರಸಾ ಅರ್ಜಿ ಈಗ ನಡೆಯುತ್ತಿದೆ.

ಅಳಿಯನಿಗೆ ಬದಲಾಯಿಸುವ ಚಪಲ ಹೋಗಿಲ್ಲ. ಲೈಸೆನ್ಸ್ ಬೇಡದ .177 ಏರ್ ರೈಫಲ್ ಒಂದನ್ನು ತಗೊಂಡು ಅದಕ್ಕೆ ಟೆಲಿಸ್ಕೋಪ್, ಪ್ಲಾಸ್ಟಿಕ್ ಹಿಡಿ, ಕಪ್ಪು ಬಣ್ಣ ಎಲ್ಲಾ ಹಾಕಿಕೊಂಡಿದ್ದಾನೆ. ಗುರಿ ಚೆನ್ನಾಗಿಯೇ ಹೊಡೆಯುತ್ತಾನೆ. ಮೇಷ್ಟ್ರು ಅಭ್ಯಾಸಕ್ಕೆ ಅದನ್ನೇ ಕೇಳಿ ತರುತ್ತಾರೆ. ಥರ್ಟಿ-ಆಟ್-ಸಿಕ್ಸ್ ತೋಟಾ ಸಿಗುವುದೇ ಕಷ್ಟ, ಸಿಕ್ಕರೂ ದುಬಾರಿ, ದೊಡ್ಡ ಬೋರಿಗೆ ತಕ್ಕ ರೇಂಜ್ ಅವರಿಗೆ ಹತ್ತಿರದಲ್ಲಿ ಇಲ್ಲ. ಪೀಪ್ ಸೈಟ್ ಹಾಕಿದಮೇಲೆ ಅವರು ಹೊಡೆದದ್ದು ಕೆಲವೇ ತೋಟಾ.

ಆಯುಧ ಪೂಜೆಯ ವಿಷಯದಲ್ಲಿ ಮಾತ್ರ ಅಪ್ಪಾಜಿ ಸುಲಭಕ್ಕೆ ಒಪ್ಪಲಿಲ್ಲ. ಕಬ್ಬಿಣಕ್ಕೆ ವಿಭೂತಿ ಹಚ್ಚದೆ ಅದೆಂಥ ಪೂಜೆ ಅಂದರು. ಕೊನೆಗೆ ಒಂದು ಒಪ್ಪಂದ ಆಯಿತು: ಹಚ್ಚುವುದು ಹಚ್ಚುವುದೇ, ಆದರೆ ಪೂಜೆ ಮುಗಿದು ಊಟಕ್ಕೆ ಏಳುವ ಮುಂಚೆ ಮೇಷ್ಟ್ರು ಒರೆಸಿ ಎಣ್ಣೆ ಹಚ್ಚಬೇಕು.